ದೇಹಕ್ಕೆ ತಕ್ಕ ಅಂಗಿ

ಪ್ರಸಂಗದ ಆಧಾರ: ೧ ಕೊರಿಂಥ ೧೨: ೨೨–೨೬. ಇದರೊಂದಿಗೆ ೧ ಸಮುವೇಲ ೧೭: ೩೮–೩೯ ಮತ್ತು ಅಪೊಸ್ತಲರ ಕೃತ್ಯಗಳು ೯: ೩೬–೪೨ ಓದತಕ್ಕದ್ದು.



ಅಪೊಸ್ತಲನಾದ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಸಭೆಯನ್ನು ದೇಹಕ್ಕೆ ಹೋಲಿಸಿ ಮಾತಾಡುತ್ತಾನೆ. ಕಾಲು, ಕೈ, ಕಿವಿ, ಕಣ್ಣು ಎಂಬ ಅಂಗಗಳ ವಿಷಯವಾದ ಆ ಮಾತುಗಳನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ಅವನು ಉಡುಪಿನ ವಿಷಯವನ್ನೂ ಎತ್ತುತ್ತಾನೆ. ಯಾವ ಅಂಗಗಳಿಗೆ ಮಾನವು ಕಡಿಮೆಯೆಂದು ನಾವು ಎಣಿಸುತ್ತೇವೋ ಅವುಗಳನ್ನೇ ಹೆಚ್ಚು ಜಾಗ್ರತೆಯಿಂದ ಹೊದಿಸಿ ಮಾನಪಡಿಸುತ್ತೇವೆಂದೂ, ದೇವರು ದೇಹವನ್ನು ಕೂಡಿಸಿದ ಕ್ರಮವೇ ಅಂಥದ್ದೆಂದೂ ಅವನ ಅಭಿಪ್ರಾಯ. ನಾವು ಈ ಭಾಗವನ್ನು ಎಷ್ಟೋ ಸಾರಿ ಓದಿ ಪ್ರಸಂಗಿಸಿದ್ದೇವೆ. ಆದರೂ ಆ ಉಡುಪಿನ ಮಾತಿನ ಬಳಿ ಒಂದು ದಿನವಾದರೂ ನಿಂತವರಲ್ಲ. ಕಡೆಗೆ ನಮ್ಮನ್ನು ಅಲ್ಲಿ ನಿಲ್ಲಿಸಿದ್ದು ಒಂದು ರವಿಕೆ. ಆ ಸಂಗತಿಯನ್ನು ಮುಚ್ಚದೆ ಹೇಳುತ್ತೇವೆ, ಯಾಕಂದರೆ ಅದರಲ್ಲಿ ತಪ್ಪು ನಮ್ಮದೇ.

ಒಂದು ವರುಷ ಕ್ರಿಸ್ಮಸ್ ಹಬ್ಬದ ಮುಂಚೆ ನಮ್ಮ ಸಭೆಯ ಬಡ ಸ್ತ್ರೀಯರಿಗೆ ರವಿಕೆಗಳನ್ನು ಹೊಲಿಸಿ ಕೊಡಬೇಕೆಂದು ಕಾಣಿಕೆ ಎತ್ತಿದೆವು. ಒಂದೇ ಥಾನಿನ ಬಟ್ಟೆ, ಒಂದೇ ಅಳತೆ. ಹಾಗೆ ಮಾಡಿದರೆ ಕೂಲಿ ಕಡಿಮೆಯಾಗುತ್ತದೆಂದು ಪೇಟೆಯ ದರ್ಜಿಯು ಹೇಳಿದ್ದು ನಮಗೆ ಬಹಳ ಬುದ್ಧಿಯ ಮಾತಾಗಿ ಕಂಡಿತು. ಹಬ್ಬದ ದಿನ ಹೆಸರು ಕೂಗಿ ಎಲ್ಲರಿಗೂ ಕೊಟ್ಟು, ಕೃತಜ್ಞತೆಯ ವಿಷಯದಲ್ಲಿ ಪ್ರಸಂಗವನ್ನೂ ಮಾಡಿದೆವು. ನಮ್ಮ ಸಭೆಯಲ್ಲಿ ಬೆನ್ನು ಗೂನಾದ ಒಬ್ಬ ಯೌವನಸ್ಥೆಯುಂಟು. ಕೂಲಿಮಾಡುವ ತಾಯಿಯ ಒಬ್ಬಳೇ ಮಗಳು. ಅವಳಿಗೂ ಒಂದು ರವಿಕೆ ಸಿಕ್ಕಿತು. ಆ ಮೇಲೆ ಮೂರು ಆದಿತ್ಯವಾರ ಅವಳು ಆರಾಧನೆಗೆ ಬರಲಿಲ್ಲ.

ನಾವು ಬುದ್ಧಿ ಹೇಳುವುದಕ್ಕಾಗಿ ಅವಳ ಮನೆಗೆ ಹೋದೆವು. ಸಭೆಯಾಗಿ ಕೂಡುವುದನ್ನು ಬಿಡುವುದು ಎಂಥ ಅಪಾಯವೆಂದು ಹೇಳತೊಡಗಿದಾಗ ಆಕೆಯ ತಾಯಿ ಒಳಗೆ ಹೋಗಿ ಆ ರವಿಕೆಯನ್ನು ತಂದು ನಮ್ಮ ಮುಂದೆ ಇಟ್ಟಳು. ಹುಡುಗಿಯು ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು: “ಉಪದೇಶಿಯವರೇ, ನಾನು ದೇವರನ್ನು ಬಿಟ್ಟಿಲ್ಲ. ಹೊಸದನ್ನು ತೊಡದೆ ಬಂದರೆ ಕೊಟ್ಟವರು ಬೇಸರಪಡುತ್ತಾರೆ. ತೊಟ್ಟು ಬಂದರೆ, ಪ್ರಾರ್ಥನೆಗೆ ಮೊಣಕಾಲೂರಿದಾಗ ಅದು ಮುಂದೆ ಗಂಟಲನ್ನು ಹಿಡಿಯುತ್ತದೆ, ಹಿಂದೆ ಮೇಲಕ್ಕೇರಿ ಬೆನ್ನು ಕಾಣುತ್ತದೆ. ಹಿಂದೆ ಕೂತವರು ನಗುತ್ತಾರೆ.”

ಪ್ರಿಯರೇ, ನಮ್ಮ ಬಾಯಿಂದ ಮಾತು ಹೊರಡಲಿಲ್ಲ. ಅವಳನ್ನು ದೇವಾಲಯದಿಂದ ಹೊರಗಿಟ್ಟದ್ದು ಅವಳ ಅವಿಶ್ವಾಸವಲ್ಲ, ನಮ್ಮ ದಾನವೇ. ಆ ಸಾಯಂಕಾಲ ನಮ್ಮ ಸಭೆಯಲ್ಲಿ ಹೊಲಿಗೆ ಬಲ್ಲ ಮುದುಕಿಯಾದ ಒಬ್ಬ ವಿಧವೆಗೆ ಈ ಸಂಗತಿಯನ್ನು ತಿಳಿಸಿದೆವು. ಆಕೆ ಕೇಳಿ, “ಬಟ್ಟೆಗೆ ತಕ್ಕ ಹುಡುಗಿಯನ್ನು ನೀವು ಹುಡುಕಿದಿರಿ, ಉಪದೇಶಿಗಳೇ, ಹುಡುಗಿಗೆ ತಕ್ಕ ಬಟ್ಟೆಯನ್ನು ನಾನು ನೋಡುತ್ತೇನೆ” ಎಂದಳು. ಆ ಮುದುಕಿಯ ಮಾತೇ ಈ ಪ್ರಸಂಗದ ಸಾರ. ಅದನ್ನು ಮೂರು ಭಾಗವಾಗಿ ವಿಚಾರಿಸೋಣ.

ಮೊದಲನೆಯದು: ಹೊಂದದಿದ್ದರೆ ತಪ್ಪು ಅಂಗಿಯದು, ದೇಹದ್ದಲ್ಲ.

ದಾವೀದನು ಗೊಲ್ಯಾತನ ಎದುರಿಗೆ ಹೊರಟಾಗ ಅರಸನಾದ ಸೌಲನು ತನ್ನ ಸ್ವಂತ ಯುದ್ಧದ ಉಡುಪನ್ನು ಅವನಿಗೆ ತೊಡಿಸಿದನು. ಅದು ಅರಸನ ಉಡುಪು, ಬೆಲೆಯುಳ್ಳದ್ದು, ಕೊಟ್ಟ ಮನಸ್ಸೂ ಒಳ್ಳೆಯದೇ. ಆದರೆ ಇಸ್ರಾಯೇಲ್ಯರಲ್ಲಿ ಸೌಲನಷ್ಟು ಎತ್ತರದವನು ಮತ್ತೊಬ್ಬನಿರಲಿಲ್ಲ. ದಾವೀದನೋ ಕುರಿ ಕಾಯುವ ಹುಡುಗನು. ಅದನ್ನು ತೊಟ್ಟು ಅವನು ನಡೆಯಲಾರದೆ ಹೋದನು. ಆಗ ದೇವರು, ನೀನು ಈ ಉಡುಪಿಗೆ ಸರಿಯಾಗುವಷ್ಟು ಬೆಳೆದು ಬಾ ಎಂದು ಹೇಳಿದನೋ? ಇಲ್ಲ. ದಾವೀದನು ಅದನ್ನು ತೆಗೆದಿಟ್ಟನು; ತನ್ನ ಕೈಗೆ ಹೊಂದುವ ಕೋಲನ್ನೂ ಕವಣೆಯನ್ನೂ ಹಿಡಿದು ಹೋದನು; ಅದರಿಂದಲೇ ದೇವರು ಜಯವನ್ನು ಕೊಟ್ಟನು. ಅರಸನ ಉಡುಪಾದರೂ ತೊಡುವವನನ್ನು ನಡೆಯಗೊಡದಿದ್ದರೆ ಅದು ಭಾರವೇ ಹೊರತು ಉಪಕಾರವಲ್ಲ. ಅಂಗಿಯು ಮನುಷ್ಯನಿಗೋಸ್ಕರ ಆದದ್ದು. ಮನುಷ್ಯನು ಅಂಗಿಗೋಸ್ಕರ ಹುಟ್ಟಿದವನಲ್ಲ.

ಆದರೆ ನಾವು ಇದನ್ನು ತಿರುಗಿಸಿ ನೋಡುವ ವಾಡಿಕೆಯುಳ್ಳವರು. ಅಂಗಡಿಯ ಅಂಗಿ ಒಬ್ಬನಿಗೆ ಹೊಂದದೆ ಹೋದರೆ “ಇವನ ಮೈಯೇ ಸರಿಯಿಲ್ಲ” ಎನ್ನುತ್ತೇವೆ. ಅಷ್ಟೇ ಅಲ್ಲ, “ಯಾರ ಪಾಪದಿಂದ ಹೀಗಾಯಿತೋ” ಎಂಬ ಮಾತು ನಮ್ಮ ಮನೆಗಳಲ್ಲಿಯೂ ಸತ್ತಿಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಇದನ್ನೇ ಕೇಳಿದರು. ಅವನ ಪಾಪವೂ ಅಲ್ಲ, ಅವನ ತಂದೆತಾಯಿಗಳ ಪಾಪವೂ ಅಲ್ಲವೆಂದು ಕರ್ತನು ಆ ಪ್ರಶ್ನೆಯನ್ನೇ ಮುರಿದುಹಾಕಿದನು. ಕರ್ತನು ಮುರಿದದ್ದನ್ನು ನಾವು ಮತ್ತೆ ಜೋಡಿಸಬಾರದು.

ಇಂಥವರು ಎಲ್ಲಿಯೋ ಒಬ್ಬರು ಎಂದು ನೆನಸಬೇಡಿರಿ. ೨೦೧೧ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಅಂಗವಿಕಲರ ಲೆಕ್ಕವು ಸುಮಾರು ೨ ಕೋಟಿ ೬೮ ಲಕ್ಷ. ಕರ್ನಾಟಕದಲ್ಲಿ ೧೩ ಲಕ್ಷಕ್ಕೂ ಹೆಚ್ಚು. ೨೦೧೬ರಲ್ಲಿ ಆದ ಅಂಗವಿಕಲರ ಹಕ್ಕುಗಳ ಕಾಯಿದೆಯು ೨೧ ಬಗೆಯ ನ್ಯೂನತೆಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಕುಷ್ಠರೋಗದಿಂದ ಗುಣಹೊಂದಿದವರೂ ಕುಳ್ಳದೇಹದವರೂ ಸೇರಿದ್ದಾರೆ. ಸರಕಾರವು ಎಣಿಸಿ ಹೆಸರಿಟ್ಟವರನ್ನು ಸಭೆಯು ನೋಡದೆ ದಾಟಿಹೋಗುವುದು ಸರಿಯೋ?

ಎರಡನೆಯದು: ಪ್ರೀತಿಯು ಅಳತೆ ತೆಗೆಯುತ್ತದೆ.

ಹನ್ನಳು ತನ್ನ ಮಗನಾದ ಸಮುವೇಲನನ್ನು ಶೀಲೋವಿನಲ್ಲಿ ದೇವರ ಸೇವೆಗೆ ಬಿಟ್ಟ ಮೇಲೆ ವರುಷ ವರುಷವೂ ಒಂದು ಚಿಕ್ಕ ಅಂಗಿಯನ್ನು ಮಾಡಿ ಅವನಿಗೆ ಒಯ್ಯುತ್ತಿದ್ದಳು. ವರುಷ ವರುಷವೂ ಎಂಬುದನ್ನು ಗಮನಿಸಿರಿ. ಹೋದ ವರುಷದ ಅಳತೆಯು ಈ ವರುಷಕ್ಕೆ ಸಾಲದೆಂದು ಆ ತಾಯಿಗೆ ಗೊತ್ತಿತ್ತು. ಯೊಪ್ಪದ ತಬಿಥಳ ವಿಷಯವೂ ಹಾಗೆಯೇ. ದೊರ್ಕಳೆಂತಲೂ ಕರೆಯಲ್ಪಟ್ಟ ಈ ಶಿಷ್ಯಳು ಸತ್ತಾಗ ವಿಧವೆಯರು ಪೇತ್ರನ ಸುತ್ತಲೂ ನಿಂತು ಅಳುತ್ತಾ, ಆಕೆ ಮಾಡಿಕೊಟ್ಟ ಅಂಗಿಗಳನ್ನೂ ಉಡುಪುಗಳನ್ನೂ ತೋರಿಸಿದರು. ಮೂಲದ ಗ್ರೀಕ್ ಮಾತನ್ನು ನೋಡಿ, ಅವರು ತಮ್ಮ ಮೈಮೇಲೆ ತೊಟ್ಟಿದ್ದ ಬಟ್ಟೆಗಳನ್ನೇ ತೋರಿಸಿದರೆಂದು ಅರ್ಥಮಾಡುವ ಪಂಡಿತರೂ ಉಂಟು. ಹಾಗಾದರೆ ಆಕೆಯ ಕೆಲಸಕ್ಕೆ ಸಾಕ್ಷಿಯು ಗಂಟಿನಲ್ಲಿರಲಿಲ್ಲ. ಒಬ್ಬೊಬ್ಬಳ ಭುಜದ ಮೇಲಿತ್ತು.

ಆ ಮುದುಕಿಯು ನಮ್ಮ ಹುಡುಗಿಗೆ ಮಾಡಿದ್ದನ್ನು ಈಗ ಕೇಳಿರಿ. ಆಕೆ ಕೊರಳಿನ ಬುಡದಿಂದ ಸೊಂಟದ ವರೆಗೆ ಬೆನ್ನಿನ ಉಬ್ಬಿನ ಮೇಲೆಯೇ ಟೇಪನ್ನು ಹಾಯಿಸಿ ಅಳೆದಳು. ಎದೆಯ ಕಡೆಯನ್ನು ಬೇರೆಯಾಗಿ ಅಳೆದಳು. ಹಿಂದಿನ ಉದ್ದವು ಹೆಚ್ಚು, ಮುಂದಿನದು ಕಡಿಮೆ. ಒಂದು ಭುಜವು ಮತ್ತೊಂದಕ್ಕಿಂತ ತಗ್ಗಾಗಿದ್ದದರಿಂದ ಎಡಬಲಗಳನ್ನೂ ಬೇರೆ ಬೇರೆ ಬರೆದಿಡಿಸಿದಳು. ಅನಂತರ ಬೆನ್ನಿನ ಹೊಲಿಗೆಯನ್ನು ಬಿಚ್ಚಿ, ಉಳಿದ ಅದೇ ಬಟ್ಟೆಯ ತುಂಡನ್ನು ಅಡ್ಡಲಾಗಿ ಕೂಡಿಸಿ, ಮುಂದಿನ ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಿಸಿದಳು. ಒಂದು ಮಧ್ಯಾಹ್ನದ ಕೆಲಸ. ಗಂಟಲನ್ನು ಹಿಡಿಯುತ್ತಿದ್ದ ಕೊರಳು ತನ್ನ ಸ್ಥಳಕ್ಕೆ ಬಂತು.

ಅಂದಿನಿಂದ ನಾವು ಬಲ್ಲವರನ್ನು ಕೇಳಿ ಕಲಿತ ಕೆಲವು ಸಂಗತಿಗಳನ್ನು ನಮ್ಮ ಸಭೆಗಳ ಸ್ತ್ರೀಯರಿಗಾಗಿಯೂ ದರ್ಜಿಗಳಿಗಾಗಿಯೂ ಇಲ್ಲಿ ಬರೆಯುತ್ತೇವೆ.

ಗಾಲಿಕುರ್ಚಿಯಲ್ಲಿ ದಿನವೆಲ್ಲಾ ಕೂತಿರುವವನನ್ನು ಮಲಗಿಸಿ ಅಳೆಯಬೇಡಿರಿ. ಕೂತ ಹಾಗೆಯೇ ಅಳೆಯಿರಿ. ಅವನ ಷರಾಯಿಯು ಹಿಂದೆ ಎತ್ತರವಾಗಿಯೂ ಮುಂದೆ ತಗ್ಗಾಗಿಯೂ ಇರಬೇಕು. ಮೊಣಕಾಲು ಬಾಗಿರುವದರಿಂದ ಕಾಲಿನ ಉದ್ದವನ್ನೂ ಹೆಚ್ಚಿಸಬೇಕು. ಹಿಂದುಗಡೆ ಜೇಬನ್ನಾಗಲಿ ದಪ್ಪ ಹೊಲಿಗೆಯನ್ನಾಗಲಿ ಇಡಲೇಬಾರದು. ಸೊಂಟದ ಕೆಳಗೆ ಸ್ಪರ್ಶಜ್ಞಾನವಿಲ್ಲದವನಿಗೆ ಅದು ಒತ್ತುವುದು ತಿಳಿಯದು, ತಿಳಿಯುವಷ್ಟರಲ್ಲಿ ಹುಣ್ಣಾಗಿರುತ್ತದೆ, ಅಂಥ ಹುಣ್ಣಿನಿಂದ ಪ್ರಾಣ ಹೋಗುವುದೂ ಉಂಟು.

ಪಾರ್ಶ್ವವಾಯುವಿನಿಂದ ಒಂದು ಕೈ ಬಿದ್ದುಹೋದವರಿಗೆ ಮುಂದೆ ಪೂರಾ ತೆರೆಯುವ ಅಂಗಿಯನ್ನೂ ಅಗಲವಾದ ಕಂಕುಳನ್ನೂ ಮಾಡಿರಿ. ತೊಡಿಸುವಾಗ ಬಲಹೀನವಾದ ಕೈಯನ್ನು ಮೊದಲು ತೂರಿಸಬೇಕು. ಬಿಚ್ಚುವಾಗ ಅದನ್ನು ಕಡೆಗೆ ತೆಗೆಯಬೇಕು. ಈ ಒಂದು ಮಾತನ್ನು ತಿಳಿಯದೆ ದಿನಾಲೂ ಮುದುಕರನ್ನು ನೋಯಿಸುವ ಮನೆಗಳು ಎಷ್ಟೋ.

ಪೋಲಿಯೋ ರೋಗದ ವಿಷಾಣುವು ನಮ್ಮ ದೇಶದಲ್ಲಿ ಸಹಜವಾಗಿ ಹರಡಿ ಒಂದು ಮಗುವನ್ನು ಕಡೆಯದಾಗಿ ಹಿಡಿದದ್ದು ೨೦೧೧ರ ಜನವರಿಯಲ್ಲಿ. ೨೦೧೪ರ ಮಾರ್ಚ್ ತಿಂಗಳಲ್ಲಿ ದೇಶವು ಆ ರೋಗದಿಂದ ಮುಕ್ತವೆಂದು ಪ್ರಮಾಣವಾಯಿತು. ಅದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ಅದಕ್ಕೆ ಮುಂಚೆ ಕಾಲು ಬಲಹೀನವಾದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರ ಎರಡು ಕಾಲುಗಳನ್ನೂ ಬೇರೆ ಬೇರೆ ಅಳೆಯಿರಿ, ಅದೂ ಅವರು ತೊಡುವ ಕೆರವನ್ನು ಹಾಕಿಸಿಯೇ ಅಳೆಯಿರಿ. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟುವವರಿಗೆ ಆ ಕಾಲನ್ನು ಅಗಲಮಾಡಿ, ಮೊಣಕಾಲಿನಿಂದ ಕೆಳಗೆ ಹೊಲಿಗೆಯನ್ನು ತೆರೆದು ಜಿಪ್ಪನ್ನಾಗಲಿ ಲಾಡಿಯನ್ನಾಗಲಿ ಹಚ್ಚಿರಿ.

ಕುಳ್ಳದೇಹದವರಿಗೆ ಮಕ್ಕಳ ಬಟ್ಟೆಯನ್ನು ಕೊಡಬೇಡಿರಿ. ಅವರು ಮಕ್ಕಳಲ್ಲ; ಅನೇಕರ ಎದೆಯೂ ಭುಜವೂ ದೊಡ್ಡವರಂತೆಯೇ ಇರುತ್ತವೆ, ಕೈಕಾಲುಗಳು ಮಾತ್ರ ಗಿಡ್ಡ. ದೊಡ್ಡವರ ಅಂಗಿಯ ತೋಳನ್ನು ತುದಿಯಲ್ಲಿ ಕತ್ತರಿಸಿದರೆ ಮೊಣಕೈಯ ಸ್ಥಳವು ತಪ್ಪುತ್ತದೆ, ಮಣಿಕಟ್ಟಿನಲ್ಲಿ ಅಗಲವು ಉಳಿಯುತ್ತದೆ. ಆದದರಿಂದ ಕೈಯಲ್ಲಿ ಎಲ್ಲಿ ಗಿಡ್ಡವೋ ಅಲ್ಲಿಯೇ ಬಟ್ಟೆಯನ್ನು ತೆಗೆಯಬೇಕು; ಬಹಳ ಮಂದಿಗೆ ಅದು ಮೊಣಕೈಯ ಮೇಲಿನ ಭಾಗ.

ಕುಷ್ಠರೋಗವು ಔಷಧಿಯಿಂದ ಪೂರ್ಣವಾಗಿ ಗುಣವಾಗುತ್ತದೆ. ಹಲವು ಔಷಧಿಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ೧೯೮೧ರಲ್ಲಿ ವಿಧಿಸಿತು. ಆದರೆ ತಡವಾಗಿ ಗುಣಹೊಂದಿದವರ ಬೆರಳುಗಳು ಮಡಿಸಿಕೊಂಡೂ ಜೋಮುಹಿಡಿದೂ ಉಳಿಯುವುದುಂಟು. ಅವರಿಗೆ ಚಿಕ್ಕ ಗುಂಡಿಯು ದಿನದಿನದ ಸೋಲು. ದೊಡ್ಡ ಗುಂಡಿಯನ್ನೂ ಸಡಿಲವಾದ ಕುಣಿಕೆಯನ್ನೂ ಇಡಿರಿ. ಹೊಲಿದ ಮೇಲೆ ಬಟ್ಟೆಯನ್ನು ಎರಡು ಸಾರಿ ತಡವಿ ನೋಡಿರಿ. ಮರೆತುಬಿಟ್ಟ ಒಂದು ಗುಂಡುಸೂಜಿಯು ನೋವು ತಿಳಿಯದ ಮೈಯಲ್ಲಿ ಗಾಯಮಾಡಿದರೆ ಅವರಿಗೆ ರಕ್ತವನ್ನು ನೋಡಿದ ಮೇಲೆಯೇ ಗೊತ್ತಾದೀತು.

ಕುರುಡರ ಬಟ್ಟೆಗಳಿಗೆ ಒಳಗಡೆ ನೂಲಿನ ಗಂಟನ್ನು ಹಾಕಿರಿ. ಬಿಳಿಯದಕ್ಕೆ ಒಂದು, ನೀಲಿಗೆ ಎರಡು. ಆಗ ಅವರು ಯಾರನ್ನೂ ಕೇಳದೆ ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವರು.

ಗುಂಡಿಗೆ ಬದಲಾಗಿ ಈಗ ವೆಲ್ಕ್ರೋ ಎಂಬ ಅಂಟುಪಟ್ಟಿಯು ಪೇಟೆಯಲ್ಲಿ ಸಿಗುತ್ತದೆ. ಸ್ವಿಸ್ ದೇಶದ ಜಾರ್ಜ್ ದ ಮೆಸ್ತ್ರಾಲ್ ಎಂಬವನು ೧೯೪೧ರಲ್ಲಿ ತನ್ನ ನಾಯಿಯೊಡನೆ ತಿರುಗಾಡಿ ಬಂದಾಗ ಬಟ್ಟೆಗೂ ನಾಯಿಯ ಕೂದಲಿಗೂ ಹತ್ತಿದ ಮುಳ್ಳುಕಾಯಿಗಳನ್ನು ಸೂಕ್ಷ್ಮವಾಗಿ ನೋಡಿ, ಅವುಗಳ ಕೊಕ್ಕೆಗಳಿಂದ ಇದನ್ನು ಕಂಡುಹಿಡಿದನು. ನಾವು ಶಪಿಸುತ್ತಾ ಕಿತ್ತೆಸೆಯುವ ಕಸವೇ ನೋಡುವ ಕಣ್ಣಿದ್ದವನಿಗೆ ಉಪಕಾರವಾಯಿತು. ಅದರ ಒರಟು ಪಕ್ಕವು ಮೈಗೆ ತಾಗದಂತೆ ಹಚ್ಚಿರಿ. ಒಗೆಯುವಾಗ ಮುಚ್ಚಿ ಒಗೆಯಿರಿ.

ಮೂರನೆಯದು: ಹೊದಿಕೆಯಲ್ಲಿ ಮಾನವು ಸೇರಿರಬೇಕು.

ಪೌಲನು ಬಟ್ಟೆಯನ್ನು ಮಾತ್ರ ಹೇಳದೆ ಮಾನವನ್ನು ಹೇಳಿದನೆಂಬುದನ್ನು ಮರೆಯಬಾರದು. ಏದೆನಿನಲ್ಲಿ ಆದಾಮನೂ ಹವ್ವಳೂ ಎಲೆಗಳಿಂದ ಮುಚ್ಚಿಕೊಂಡಾಗ, ದೇವರು ಅವರನ್ನು ಆ ಎಲೆಗಳಲ್ಲಿಯೇ ಬಿಡಲಿಲ್ಲ. ತಾನೇ ಚರ್ಮದ ಅಂಗಿಗಳನ್ನು ಮಾಡಿ ತೊಡಿಸಿದನು. ನಾಚಿಕೊಂಡವರಿಗಾಗಿ ಮೊದಲು ಅಂಗಿಯನ್ನು ಮಾಡಿದವನು ದೇವರೇ. ಹಾಗಾದರೆ ಈ ಕೆಲಸವನ್ನು ಕೀಳೆಂದು ಹೇಳುವವರು ಯಾರು?

ಯೋನಾತಾನನ ಮಗನಾದ ಮೆಫೀಬೋಶೆತನನ್ನು ನೆನಸಿರಿ. ಐದು ವರುಷದವನಾಗಿದ್ದಾಗ ಸಾಕುವವಳ ಕೈಯಿಂದ ಬಿದ್ದು ಅವನ ಎರಡು ಕಾಲುಗಳೂ ಕುಂಟಾದವು. ಅವನು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಳ್ಳುವಷ್ಟು ಕುಗ್ಗಿದ್ದನು. ದಾವೀದನು ಅವನಿಗೆ ಧಾನ್ಯವನ್ನು ಕಳುಹಿಸಿ ಸುಮ್ಮನಾಗಲಿಲ್ಲ. ಅರಸನ ಮಕ್ಕಳಂತೆ ಪಂಕ್ತಿಯಲ್ಲಿ ಕೂರಿಸಿದನು. ದಾನವು ಬೇರೆ, ಪಂಕ್ತಿಯು ಬೇರೆ. ನಾವು ಹೆಸರು ಕೂಗಿ ರವಿಕೆ ಕೊಟ್ಟದ್ದು ದಾನ, ಮುದುಕಿಯು ಬಾಗಿಲು ಮುಚ್ಚಿ, “ಮಗಳೇ, ನಿನಗೆ ಎಲ್ಲಿ ಎಳೆಯುತ್ತದೆ?” ಎಂದು ಕೇಳಿದ್ದು ಪಂಕ್ತಿ.

ಆದಕಾರಣ ಅಳತೆಯನ್ನು ಹತ್ತು ಮಂದಿಯ ಮುಂದೆ ತೆಗೆಯಬೇಡಿರಿ. ಸ್ತ್ರೀಯರನ್ನು ಸ್ತ್ರೀಯರೇ ಅಳೆಯಲಿ. ಬಣ್ಣವನ್ನೂ ಬಗೆಯನ್ನೂ ತೊಡುವವರೇ ಹೇಳಲಿ. ಅಂಗವಿಕಲನಿಗೆ ಬಣ್ಣವೇಕೆ ಎಂಬ ಮಾತು ಕ್ರಿಸ್ತನ ಮನೆಯಲ್ಲಿ ಕೇಳಬಾರದು. ಇನ್ನೊಬ್ಬರ ಸಹಾಯವಿಲ್ಲದೆ ತಾನೇ ತೊಟ್ಟುಕೊಳ್ಳಲು ಆಗುವ ಅಂಗಿಯು ರೇಷ್ಮೆಗಿಂತ ಬೆಲೆಯುಳ್ಳದ್ದು. ಮಗನ ಕೈಯಿಂದ ಗುಂಡಿ ಹಾಕಿಸಿಕೊಳ್ಳುವ ತಂದೆಗೆ ಅದನ್ನು ತಾನೇ ಹಾಕಿಕೊಂಡ ಬೆಳಿಗ್ಗೆ ಏನೆಂಬುದನ್ನು ಕೇಳಿ ನೋಡಿರಿ.

ಇಂಥವರಿಂದ ಸಭೆಗೆ ಏನು ಪ್ರಯೋಜನ ಎಂದು ಕೇಳುವವರಿಗೆ ವೆಲ್ಲೂರಿನ ಮೇರಿ ವರ್ಗೀಸರ ಜೀವಿತವೇ ಉತ್ತರ. ಅಲ್ಲಿನ ಕ್ರೈಸ್ತ ವೈದ್ಯ ಕಾಲೇಜಿನಲ್ಲಿ ವೈದ್ಯಳಾಗಿದ್ದ ಆಕೆ ೧೯೫೪ರಲ್ಲಿ ವಾಹನದ ಅಪಘಾತದಿಂದ ಬೆನ್ನೆಲುಬಿಗೆ ಪೆಟ್ಟುಬಿದ್ದು ನಡೆಯಲಾರದವಳಾದಳು. ಆದರೂ ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗದಿಂದ ಮಡಿಸಿಹೋದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದಳು. ಮುಂದೆ ಅಂಗವಿಕಲರು ಮರಳಿ ಬದುಕನ್ನು ಕಟ್ಟಿಕೊಳ್ಳುವುದಕ್ಕಾಗಿ ಅಲ್ಲಿ ನಡೆದ ಕೆಲಸಕ್ಕೆ ಮುಖ್ಯಸ್ಥಳಾದಳು. ಬಲಹೀನವೆಂದು ಕಾಣುವ ಅಂಗವು ದೇಹಕ್ಕೆ ಅವಶ್ಯವೆಂದು ಪೌಲನು ಬರೆದದ್ದು ಬರೀ ಸಮಾಧಾನದ ಮಾತಲ್ಲ.

ಈಗ ನಾವೇನು ಮಾಡೋಣ?

ಪ್ರತಿ ಸಭೆಯ ಹಿರಿಯರು ತಮ್ಮ ಊರಲ್ಲಿ ಬಟ್ಟೆಯ ನಿಮಿತ್ತವಾಗಿ ಹೊರಗೆ ಬರಲು ನಾಚುವವರು ಯಾರೆಂದು ಮೆಲ್ಲಗೆ ವಿಚಾರಿಸಲಿ. ಸಭೆಯವರನ್ನು ಮಾತ್ರವಲ್ಲ, ನೆರೆಯವರನ್ನೂ ವಿಚಾರಿಸಲಿ. ತಿಂಗಳಿಗೆ ಒಂದು ಮಧ್ಯಾಹ್ನ ಸ್ತ್ರೀಯರ ಕೂಟವು ಹೊಲಿಗೆಯ ಕೂಟವಾಗಲಿ. ಒಂದು ಯಂತ್ರ, ಒಂದು ಟೇಪು, ಅಳತೆಯ ಒಂದು ಪುಸ್ತಕ ಸಾಕು. ಹೊಸ ಬಟ್ಟೆಯೇ ಬೇಕೆಂದಿಲ್ಲ; ಇದ್ದದ್ದನ್ನು ಬಿಚ್ಚಿ ಸರಿಮಾಡಿದರೂ ಆದೀತು. ಹಬ್ಬಕ್ಕೆ ಬಟ್ಟೆ ಹಂಚುವವರು ಹತ್ತು ಅಂಗಿಗೆ ಬದಲಾಗಿ ಎಂಟನ್ನೇ ಕೊಟ್ಟರೂ ಚಿಂತೆಯಿಲ್ಲ, ಎಂಟೂ ಹೊಂದಲಿ. ಯೌವನಸ್ಥರು ನಗುವುದನ್ನು ಬಿಡಲಿ. ಅದಕ್ಕೆ ಸೂಜಿಯೂ ಬೇಡ, ನೂಲೂ ಬೇಡ.

ಆ ಹುಡುಗಿಯು ಏನಾದಳೆಂದು ಕೇಳುವಿರಿ. ಮುಂದಿನ ಆದಿತ್ಯವಾರ ಬಂದಳು. ಎಂದಿನಂತೆ ಗೋಡೆಯ ಬಳಿಯಲ್ಲಿಯೇ ಕೂತಳು. ಅಂದಿನಿಂದ ನಗುವವರೆಲ್ಲಾ ನಿಂತುಹೋದರೆಂದು ನಾವು ಸುಳ್ಳು ಬರೆಯುವುದಿಲ್ಲ. ಆದರೆ ಪ್ರಾರ್ಥನೆಯ ಸಮಯ ಬಂದಾಗ ಅವಳು ಸೆರಗನ್ನು ಎಳೆದುಕೊಳ್ಳದೆ, ಹಿಂದಕ್ಕೆ ತಿರುಗಿ ನೋಡದೆ ಮೊಣಕಾಲೂರಿದಳು. ನಾವು ಪೀಠದ ಮೇಲಿನಿಂದ ಅದನ್ನು ನೋಡಿ, ನಮ್ಮ ಕೃತಜ್ಞತೆಯ ಪ್ರಸಂಗವನ್ನು ನೆನಸಿ ನಾಚಿಕೊಂಡೆವು.

ಕಡೆಯ ಮಾತು. ನಮ್ಮ ಕರ್ತನನ್ನು ಹಿಡಿದ ಸಿಪಾಯಿಗಳು ಆತನ ಸ್ವಂತ ಬಟ್ಟೆಯನ್ನು ತೆಗೆದು, ಆತನದಲ್ಲದ ಕೆಂಪು ನಿಲುವಂಗಿಯನ್ನು ತೊಡಿಸಿ, ನೋಡಿ ನಕ್ಕರು. ತನ್ನದಲ್ಲದ ಉಡುಪನ್ನು ತೊಟ್ಟು ಜನರ ನಗೆಯ ನಡುವೆ ನಿಲ್ಲುವುದು ಏನೆಂದು ಆತನು ಬಲ್ಲನು. ಬಟ್ಟೆಯಿಲ್ಲದವನಿಗೆ ಉಡಿಸಿದ್ದನ್ನು ತನಗೇ ಉಡಿಸಿದಂತೆ ಎಣಿಸುವೆನೆಂದು ಹೇಳಿದವನೂ ಆತನೇ. ಹಾಗಾದರೆ ಪ್ರಿಯರೇ, ನಾವು ಟೇಪನ್ನು ಹಿಡಿದು ಒಬ್ಬ ಗೂನು ಬೆನ್ನಿನವಳ, ಒಬ್ಬ ಕುಂಟನ, ಒಬ್ಬ ಮುದುಕನ ಬಳಿಯಲ್ಲಿ ಕೂತಾಗ ಯಾರ ಅಳತೆಯನ್ನು ತೆಗೆಯುತ್ತಿದ್ದೇವೆಂದು ತಿಳಿದುಕೊಂಡು, ಸೂಜಿಯನ್ನು ಜಾಗ್ರತೆಯಿಂದ ಹಿಡಿಯೋಣ. ನಮ್ಮನ್ನು ತನ್ನ ನೀತಿಯಿಂದ ಹೊದಿಸಿದ ದೇವರು ನಮ್ಮ ಕೈಗಳ ಕೆಲಸವನ್ನು ಸ್ಥಿರಪಡಿಸಲಿ. ಆಮೆನ್.